ಧನುರ್ಮಾಸದ ಡೀಸೆಲ್ ಗಾಡಿ

ಭಕ್ತ ತಂದೆ-ತಾಯಿಯ ಸೇವೆಯಲ್ಲಿದ್ದಾನೆ ಎಂದು ತಿಳಿದು, ಬಾಗಿಲು ಬಡಿಯದೆ, ಕೂಗಿ ಕರೆಯದೆ, ಅವನು ಎಸೆದ ಇಟ್ಟಿಗೆಯ ಮೇಲೆ ಸೊಂಟಕ್ಕೆ ಕೈಯಿಟ್ಟು ಸುಮ್ಮನೆ ನಿಂತ ಪಂಢರಪುರದ ಒಡೆಯನಿಗೆ ಮೊದಲ ನಮಸ್ಕಾರ. ಒಬ್ಬರ ಮನೆಯ ಮುಂದೆ ನಿಂತೂ ಹಾರ್ನ್ ಹೊಡೆಯದವನು ಮೂರು ಲೋಕದಲ್ಲಿ ಅವನೊಬ್ಬನೇ ಎಂದು, ಪುಣೆಯಲ್ಲಿ ಇಷ್ಟು ವರ್ಷ ಬಾಳಿದ ಮೇಲೆ ನನಗೆ ಖಾತ್ರಿಯಾಗಿದೆ.

ಚಳಿಗಾಲ ಬಂತೆಂದರೆ ನಮ್ಮ ಸೊಸೈಟಿಯಲ್ಲಿ ಏನಾದರೊಂದು ನಡೆದೇ ನಡೆಯುತ್ತದೆ. ನಡೆಯುವುದು ನಸುಕಿನಲ್ಲಿ. ಕಾರಣ, ಬಹುತೇಕ, ನಮ್ಮ ಮನೆ.

ಧನುರ್ಮಾಸದ ಪೂಜೆ ಸೂರ್ಯ ಹುಟ್ಟುವ ಮೊದಲೇ ಆಗಬೇಕು, ಬಿಸಿಬಿಸಿ ಹುಗ್ಗಿಯ ನೈವೇದ್ಯವಾಗಬೇಕು. ಧಾರವಾಡದಿಂದ ಮದುವೆಯಾಗಿ ಈ ಊರಿಗೆ ಬಂದಾಗಿನಿಂದ ನಾನು ಒಂದು ವರ್ಷವೂ ಇದನ್ನು ತಪ್ಪಿಸಿಲ್ಲ. ತಪ್ಪಿಸದ ಹಾಗೆ ಆ ವಿಠ್ಠಲನೇ ನೋಡಿಕೊಂಡಿದ್ದಾನೆ. ನಮ್ಮ ಕನ್ನಡ ಮಂದಿಯ ವಿಠ್ಠಲನ ಗುಡಿ ಇರುವುದು ಊರಿನ ಹಳೆಯ ಓಣಿಗಳ ನಡುವೆ, ನಾವಿರುವುದು ಊರ ಹೊರಗೆ, ಮಗರಪಟ್ಟಾದ ಆಚೆ. ಹೀಗಾಗಿ ಕಾರು ಬೇಕು. ಕಾರಿನ ಜೊತೆ ನಮ್ಮ ಮನೆಯವರು ಬೇಕು, ಏಕೆಂದರೆ ಅವರನ್ನು ಬಿಟ್ಟು ಬೇರೆ ಯಾರ ಮಾತನ್ನೂ ಅದು ಕೇಳುವುದಿಲ್ಲ.

ಇಂಜಿನ್ನಿಗೂ ಚಳಿ

ನಮ್ಮವರು ನೀರಾವರಿ ಖಾತೆಯಲ್ಲಿದ್ದು ನಿವೃತ್ತರಾದವರು. ಕಾರು ಅವರಿಗಿಂತ ಮೊದಲೇ ನಿವೃತ್ತವಾಗಬೇಕಿತ್ತು. ಡೀಸೆಲ್ ಗಾಡಿ. ಚಳಿಗಾಲದಲ್ಲಿ ಶುರು ಮಾಡಿದರೆ ಮೊದಲು ಕೆಮ್ಮುತ್ತದೆ, ಆಮೇಲೆ ಕ್ಯಾಕರಿಸುತ್ತದೆ, ಆಮೇಲೆ ಇಡೀ ಮೈ ನಡುಗಿಸುತ್ತ ನಿಲ್ಲುತ್ತದೆ. "ತಡಿ, ಇಂಜಿನ್ನಿಗೆ ಚಳಿ ಆಗೇದ. ಕಾಯಬೇಕು" ಎಂದು ಇವರು ಆಕ್ಸಿಲರೇಟರ್ ಒತ್ತುತ್ತ ಕೂಡುತ್ತಾರೆ. ಪಕ್ಕದಲ್ಲಿ ನಾನು ವಿಷ್ಣು ಸಹಸ್ರನಾಮ ಶುರು ಮಾಡಿದರೆ ಅರ್ಧಕ್ಕೆ ಬಂದಾಗ ಗಾಡಿ ಜಾಗ ಬಿಡುತ್ತದೆ.

ಈ ಸಲದ ಧನುರ್ಮಾಸದ ಮೊದಲ ದಿನ, ಸಹಸ್ರನಾಮ ಇನ್ನೂ ಕಾಲುಭಾಗವೂ ಆಗಿಲ್ಲ, ಕಿಟಕಿಯ ಗಾಜು ಯಾರೋ ಬಡಿದರು. ಚಡ್ಡಿ, ಮೇಲೆ ಹೆಂಡತಿಯ ಶಾಲು, ಒಂದೇ ಕಾಲಿಗೆ ಚಪ್ಪಲಿ. ನಮ್ಮ ಕೆಳಗಿನ ಮೊದಲನೇ ಮಹಡಿಗೆ ಹೊಸದಾಗಿ ಬಾಡಿಗೆಗೆ ಬಂದ ಹುಡುಗ. ಅವರ ಮಲಗುವ ಕೋಣೆಯ ಕಿಟಕಿ ಸರಿಯಾಗಿ ನಮ್ಮ ಪಾರ್ಕಿಂಗಿನ ನೆತ್ತಿಯ ಮೇಲಿದೆ.

"ಅಂಕಲ್, ಪ್ಲೀಸ್ ಅಂಕಲ್" ಎಂದು ಹಿಂದಿಯಲ್ಲಿ ಶುರುಮಾಡಿ, ಸಿಟ್ಟು ಹೆಚ್ಚಾದಾಗ ಕನ್ನಡಕ್ಕೆ ಬಂದ. "ರಾತ್ರಿಯೆಲ್ಲಾ ಹೊತ್ಕೊಂಡು ತಿರುಗಿದೀವಿ. ಈಗ ಕಣ್ಣು ಮುಚ್ತು ಪಾಪು!"

ನಮ್ಮವರ ಮುಖ ಅರಳಿತು. "ಅರೆ, ಕನ್ನಡದವ್ರು! ಯಾವೂರಾತ್ರಿ ನಿಮ್ಮದು?"

"ಬೆಂಗ್ಳೂರು. ಅಂಕಲ್, ಇಂಜಿನ್ನು..."

"ಬೆಂಗಳೂರಾಗ ಎಲ್ಲೆ?" ಇಂಜಿನ್ನಿನ ಸದ್ದಿನಲ್ಲಿ ಕೇಳಿಸಲಿಕ್ಕಿಲ್ಲ ಎಂದು ಇವರು ಒದರಿ ಕೇಳಿದರು.

"ಜಯನಗರ!" ಅವನೂ ಒದರಿದ.

"ಜಯನಗರದಾಗ ನಮ್ಮ ಕಾಕಾನ ಮಗಳನ್ನ ಕೊಟ್ಟೇವಿ! ಎಷ್ಟನೇ ಬ್ಲಾಕು?"

ಉತ್ತರ ಮೇಲಿನಿಂದ ಬಂತು. ಕೂಸು ಅಳಲಿಕ್ಕೆ ಶುರು ಮಾಡಿತ್ತು. ಹುಡುಗ ತಲೆ ಎತ್ತಿ ಕಿಟಕಿ ನೋಡಿದ, ತಲೆ ಇಳಿಸಿ ನಮ್ಮನ್ನು ನೋಡಿದ, ಮತ್ತೆ ಸೋತ ದನಿಯಲ್ಲಿ ಹೇಳಿದ: "ನಾಲ್ಕನೇ ಬ್ಲಾಕು ಅಂಕಲ್. ಇನ್ನು ಬೇಕಾದ್ರೆ ಮನೆ ನಂಬರೂ ಕೇಳಿ, ನನಗೀಗ ಅರ್ಜೆಂಟ್ ಏನಿಲ್ಲ."

ಅವತ್ತು ಸಂಜೆ ಅಂಟಿನ ಉಂಡೆ ಕಟ್ಟಿಕೊಂಡು ಅವರ ಮನೆಗೆ ಹೋದೆ. ಬಾಣಂತಿಗೆ ಒಳ್ಳೆಯದಲ್ಲವೇ. ಬಾಗಿಲು ತೆರೆದವಳು ಅವನ ಹೆಂಡತಿ, ಇನ್ನೂ ಹುಡುಗಿ. ತಲೆ ಬಾಚಿಲ್ಲ, ಕಣ್ಣ ಕೆಳಗೆ ಕಪ್ಪು, ಉಂಡೆಯ ಡಬ್ಬಿ ಕೈಗೆ ತಗೊಂಡು ಅದು ಏನೆಂದು ಮರೆತು ನಿಂತಿದ್ದಾಳೆ. "ಆಂಟಿ, ಪಾಪು ರಾತ್ರಿಯೆಲ್ಲಾ ಮಲಗಲ್ಲ. ಬೆಳಗಿನ ಜಾವ ಒಂದು ಗಂಟೆ ಮಲಗ್ತಾಳೆ. ನನಗೂ ಅದೊಂದೇ ಗಂಟೆ ನಿದ್ದೆ" ಎಂದಳು. ಆ ಒಂದು ಗಂಟೆಯೇ ನಮ್ಮ ಇಂಜಿನ್ ಕಾಯುವ ಗಂಟೆ.

"ನಾಳಿಂದ ಒಂದೂ ಸಪ್ಪಳ ಆಗೂದಿಲ್ಲ ತಂಗಿ" ಎಂದು ಮಾತು ಕೊಟ್ಟು ಬಂದೆ. ದೇವರ ಮುಂದೆ ಕೂತು, "ಆ ತಾಯಿಯನ್ನ ಎಬ್ಬಿಸಿ ನಿನ್ನ ಎಬ್ಬಿಸಲಿಕ್ಕೆ ಬಂದರ ನಿನಗ ಸೇರ್ತದೇನು? ನಿನ್ನ ಪೂಜೀನೂ ತಪ್ಪಬಾರದು, ಆಕೀ ನಿದ್ದೀನೂ ಕೆಡಬಾರದು. ದಾರಿ ನೀನೇ ತೋರಿಸು" ಎಂದೆ. ಅವನು ನಗುತ್ತಿದ್ದ. ಯಾಕೆ ನಗುತ್ತಿದ್ದ ಎಂಬುದು ಆಮೇಲೆ ತಿಳಿಯಿತು.

ಕೌದಿ

"ಇಂಜಿನ್ನಿಗೆ ಚಳಿನೇ ಆಗದಿದ್ದರ ಕಾಯಿಸೂದು ಯಾಕ ಬೇಕು?" ಎಂದು ನಮ್ಮವರು ರಾತ್ರಿ ನನ್ನ ತವರಿನ ಕೌದಿ ಒಯ್ದು ಬಾನೆಟ್ಟಿಗೆ ಹೊದಿಸಿ, ನಾಲ್ಕೂ ಕಡೆ ಕೂಸಿಗೆ ಸಿಕ್ಕಿಸಿದ ಹಾಗೆ ಸಿಕ್ಕಿಸಿ ಬಂದರು. ನಸುಕಿನಲ್ಲಿ ಇಳಿದರೆ ಕೌದಿಯಿಲ್ಲ. ಗೇಟಿನ ಹತ್ತಿರ ನಮ್ಮ ವಾಚ್‌ಮನ್ ಅಜ್ಜ ಖುರ್ಚಿಯಲ್ಲಿ ಕೂತಿದ್ದ. ಮೂಗೊಂದು ಬಿಟ್ಟು ಉಳಿದದ್ದೆಲ್ಲ ನಮ್ಮ ಕೌದಿ.

"ಅದು ಗಾಡೀಗೆ ಹೊಚ್ಚಿದ್ದು!" ಎಂದು ಇವರು ಮರಾಠಿಯಲ್ಲಿ ಗದರಿದರು.

ಅಜ್ಜ ಒಂದು ಕಣ್ಣು ತೆರೆದು, "ಗಾಡೀಲಾ ಕುಠೆ ಥಂಡೀ ವಾಜತೆ, ಸಾಹೇಬ?" ಎಂದ. ಗಾಡಿಗೆಲ್ಲಿ ಚಳಿಯಾಗುತ್ತದೆ, ಎಂದು. ಅಷ್ಟು ಹೇಳಿ ಆ ಕಣ್ಣನ್ನೂ ಮುಚ್ಚಿದ.

ನಾನು ಕೈ ಮುಗಿದೆ. ಹೊದಿಸಿದವರು ತಪ್ಪು ವಿಳಾಸಕ್ಕೆ ಹೊದಿಸಿದರೂ ದೇವರು ಸರಿಯಾದ ವಿಳಾಸಕ್ಕೆ ಮುಟ್ಟಿಸಿದ್ದ. ಕಾರು ಮಾತ್ರ ಅವತ್ತು ದಿನಕ್ಕಿಂತ ಹೆಚ್ಚು ಕೆಮ್ಮಿತು. ಅದಕ್ಕೂ ಕೌದಿ ಕಸಿದುಕೊಂಡದ್ದರ ಸಿಟ್ಟಿರಬೇಕು.

ಸಪ್ಪಳಿಲ್ಲದ ಸವಾರಿ

ಮರುದಿನ ಹೊಸ ಉಪಾಯ. ನಮ್ಮ ಪಾರ್ಕಿಂಗಿನಿಂದ ಗೇಟಿನವರೆಗೆ ಸ್ವಲ್ಪ ಇಳಿಜಾರು. ಗಾಡಿಯನ್ನು ಶುರು ಮಾಡದೆ ಹೊರಗೆ ನೂಕಿಕೊಂಡು ಹೋಗಿ, ರಸ್ತೆಯಲ್ಲಿ ಕೆಮ್ಮಿಸುವುದು.

"ನಾ ಹಿಂದಿಂದ ನೂಕತೀನಿ. ನೀ ಬರೇ ಸ್ಟೇರಿಂಗ್ ಹಿಡಕೊಂಡು ಕೂಡು" ಎಂದರು.

"ರೀ, ನನಗ ಗಾಡಿ ಬರೂದಿಲ್ಲ."

"ಗಾಡಿ ಯಾರು ಹೊಡಿ ಅಂದ್ರು? ಬರೇ ಕೂಡು. ಉಳಿದದ್ದು ನಿನ್ನ ದೇವರು ನೋಡ್ಕೋತಾನ."

ಮದುವೆಯಾದ ಮೇಲೆ ಅವರು ದೇವರಿಗೆ ಬಿಟ್ಟ ಮೊದಲ ಕೆಲಸ ಅದು. ಮಡಿಯ ಕಚ್ಚೆ ಸೀರೆಯಲ್ಲಿ ಹುಗ್ಗಿಯ ಪಾತ್ರೆ ತೊಡೆಯ ಮೇಲಿಟ್ಟುಕೊಂಡು ಕೂತೆ. ಅವರು ನೂಕಿದರು. ಗಾಡಿ ಅಲುಗಲಿಲ್ಲ. ಇನ್ನೊಮ್ಮೆ ನೂಕಿದರು. ಅಲುಗಿತು. ಅಲುಗಿದ್ದು ನಿಲ್ಲಲಿಲ್ಲ.

ಕನ್ನಡಿಯಲ್ಲಿ ನೋಡಿದರೆ ನಮ್ಮವರು ಮಂಕಿಕ್ಯಾಪು ಹಾಕಿಕೊಂಡು ಹಿಂದೆ ಓಡಿ ಬರುತ್ತಿದ್ದಾರೆ. ಸಪ್ಪಳ ಮಾಡಬಾರದಲ್ಲ, ಅದಕ್ಕೆ ಪಿಸುಮಾತಿನಲ್ಲೇ ಒದರುತ್ತಿದ್ದಾರೆ: "ಬ್ರೇಕ್! ಬ್ರೇಕ್!" ನಾನು ಕಾಲು ಚಾಚಿದೆ. ಕೆಳಗೆ ಮೂರು ಪೆಡಲು ಇದ್ದವು. ಬ್ರಹ್ಮ, ವಿಷ್ಣು, ಮಹೇಶ್ವರರಲ್ಲಿ ಯಾರನ್ನು ಒತ್ತುವುದು? ಎದುರಿಗೆ ಮುಚ್ಚಿದ ಗೇಟು ಹತ್ತಿರ ಬಂತು. "ವಿಠ್ಠಲಾ!" ಎಂದು ಎರಡೂ ಕೈಯಿಂದ ಸ್ಟೇರಿಂಗಿನ ನಟ್ಟನಡುವೆ ಒತ್ತಿದೆ.

ಹಾರ್ನ್.

ಬಲ್ಲವರು ಹೇಳುತ್ತಾರೆ, ಆ ಗಾಡಿಯಲ್ಲಿ ಇನ್ನೂ ಹೊಸದಾಗಿ ಉಳಿದದ್ದು ಹಾರ್ನ್ ಒಂದೇ. ಕೌದಿಯೊಳಗೆ ನಿದ್ದೆಯಲ್ಲಿದ್ದ ವಾಚ್‌ಮನ್ ಅಜ್ಜ, ವರ್ಷಗಳ ರೂಢಿಯಂತೆ, ಹಾರ್ನ್ ಕೇಳಿದ್ದೇ ಎದ್ದು ಗೇಟು ತೆರೆದು ಸಲಾಮು ಹೊಡೆದ. ನಾನು ಆ ಸಲಾಮಿನ ಮುಂದೆಯೇ ಹಾಯ್ದು ಹೋಗಿ, ರಸ್ತೆಯ ಹಂಪ್ ಹತ್ತಲಾರದೆ ನಿಂತೆ. ಹುಗ್ಗಿ ಚೆಲ್ಲಲಿಲ್ಲ, ಅವನ ದಯೆ. ಹಿಂದೆ ನೋಡಿದರೆ ಇಡೀ ಬಿಲ್ಡಿಂಗಿಗೆ ಬೆಳಕು ಹತ್ತಿತ್ತು. ಮೊದಲನೇ ಮಹಡಿಯ ಕಿಟಕಿಗೂ.

ಮಧ್ಯಾಹ್ನ ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ಎದುರು ಬಿಲ್ಡಿಂಗಿನವರೊಬ್ಬರ ಸಂದೇಶ: ಎಲ್ಲರೂ ಎಚ್ಚರ, ನಸುಕಿನಲ್ಲಿ ಕಚ್ಚೆ ಸೀರೆಯ ಹೆಂಗಸೊಬ್ಬಳು ಕಾರು ಕದ್ದೊಯ್ದಿದ್ದಾಳೆ, ಪಾಪ ಮುದುಕ ಮಾಲೀಕ ಹಿಂದೆ ಓಡಿದರೂ ಸಿಗಲಿಲ್ಲ.

ಹೆಂಡತಿಯನ್ನು ಕಳ್ಳಿ ಎಂದದ್ದಕ್ಕೆ ಇವರಿಗೆ ಏನೂ ಅನಿಸಲಿಲ್ಲ. ಸಂಜೆಯವರೆಗೆ ಕೇಳುತ್ತಲೇ ಇದ್ದರು: "ಮುದುಕ ಅಂದ್ರ ಯಾರಿಗೆ ಅಂದ್ರವರು?"

ಮನೆಗೇ ಕರೆದ ದೇವರು

ಗುಡಿಯ ಆಚಾರ್ಯರಿಗೆ ಫೋನಿನಲ್ಲಿ ಎಲ್ಲ ಹೇಳಿದೆ. ನಕ್ಕು, "ಮನ್ಯಾಗ ಪೂಜಿ ಮಾಡ್ರಿ ತಾಯಿ. ದೇವರು ಕರೆದಲ್ಲೆ ಬರ್ತಾನ. ಅವನಿಗೆ ಪಾರ್ಕಿಂಗಿನ ಚಿಂತಿಲ್ಲ" ಎಂದರು.

ಗುಡಿಯ ಮೆಟ್ಟಿಲು ಹತ್ತದ ಧನುರ್ಮಾಸವೇ ಎಂದು ಕಣ್ಣು ತುಂಬಿತು. ಆದರೆ ಆ ಹುಡುಗಿಯ ಮುಖ ನೆನಪಾಯಿತು. ಆಗಲಿ ಎಂದೆ. ಕುಕ್ಕರ್ ಇಟ್ಟರೆ ಸೀಟಿ ಕೂಗುತ್ತದೆ ಎಂದು ಹುಗ್ಗಿಯನ್ನು ಪಾತ್ರೆಯಲ್ಲೇ ಬೇಯಿಸಿದೆ. ಗಂಟೆಯ ನಾಲಗೆಗೆ ಹೂಬತ್ತಿಯ ಹತ್ತಿ ಸುತ್ತಿ ಅಲ್ಲಾಡಿಸಿದೆ. ದೇವರು ಕೈ ನೋಡಿ ತಿಳಿದುಕೊಳ್ಳಲಿ ಎಂದು. ನಮ್ಮವರು ಶಂಖಕ್ಕೆ ಬಾಯಿ ಹಚ್ಚಿ ಬರೀ ಉಸಿರು ಬಿಟ್ಟರು. ಆರತಿಯ ಹಾಡನ್ನು ಇಬ್ಬರೂ ತುಟಿಯಲ್ಲಿ ಹಾಡಿದೆವು. ಸ್ವರ್ಗದಲ್ಲೂ ಅಷ್ಟು ಶಾಂತ ಪೂಜೆ ನಡೆದಿರಲಿಕ್ಕಿಲ್ಲ.

ಕೊನೆಗೆ ಹುಗ್ಗಿಗೆ ಒಗ್ಗರಣೆ. ಕಾದ ತುಪ್ಪ, ಜೀರಿಗೆ, ಕುಟ್ಟಿದ ಮೆಣಸು. ಘಮಘಮ ಎಂದಿತು. ಅದು ನಮ್ಮವರ ಮೂಗಿಗೆ ಹೋಯಿತು.

ನಮ್ಮವರ ಸೀನು ಗೊತ್ತಿದ್ದವರಿಗೆ ಹೇಳಬೇಕಿಲ್ಲ. ಗೊತ್ತಿಲ್ಲದವರಿಗೆ ಹೇಳಿದರೆ ನಂಬುವುದಿಲ್ಲ. ನಾನು ಸೆರಗು ಒಯ್ದು ಮೂಗು ಒತ್ತುವಷ್ಟರಲ್ಲಿ ಮೂರು ಸೀನು ಆಗಿಹೋಗಿದ್ದವು. ದೀಪ ಆರಿತು. ಕೆಳಗೆ ಕೂಸು ಕಿರುಚಿತು. ಅಡಿಗೆಮನೆಯ ಕಿಟಕಿಯಿಂದ ಆ ಹುಡುಗನ ದನಿ ಮೇಲೆ ಬಂತು:

"ಅಂಕಲ್! ಗಾಡೀನೇ ವಾಸಿ ಅಂಕಲ್!"

ಎರಡನೇ ಗೇರಿನ ಪ್ರದಕ್ಷಿಣೆ

ಕ್ಷಮೆ ಕೇಳಲು ಕೆಳಗೆ ಓಡಿದೆವು. ಬಾಗಿಲಲ್ಲಿ ಕೂಸು ಅಳುತ್ತಿತ್ತು, ಎತ್ತಿಕೊಂಡ ತಾಯಿಯೂ ಅಳುತ್ತಿದ್ದಳು. ನಮ್ಮವರು ಎಂದೂ ಇಲ್ಲದಷ್ಟು ಸಣ್ಣ ದನಿಯಲ್ಲಿ, "ತಂಗಿ, ನೀ ಒಳಗ ಹೋಗಿ ಮಲಕೋ. ಕೂಸಿನ್ನ ನಾವು ಒಂದು ಸುತ್ತು ಹೊರಗ ಒಯ್ತೀವಿ. ಅಪ್ಪನೂ ಜೋಡೀಗೆ ಬರ್ಲಿ. ಹೆಂಗೂ ಎಲ್ಲಾರೂ ಎದ್ದೇವಿ, ಗುಡಿಗೇ ಹೋಗಿ ಬರೂಣು" ಎಂದರು. ಆಕೆ ಕೂಸನ್ನು ಗಂಡನ ಕೈಗೆ ಕೊಟ್ಟಳು. ಬೇಡ ಎನ್ನುವ ಶಕ್ತಿಯಿರಲಿಲ್ಲ.

ಹುಡುಗ ಕೂಸನ್ನು ಎದೆಗೆ ಶಾಲಿನಿಂದ ಬಿಗಿದುಕೊಂಡು ಹಿಂದೆ ಕೂತ. ಕೂಸು ಗಂಟಲು ಹರಿಯುವಂತೆ ಅಳುತ್ತಿತ್ತು. ನಮ್ಮವರು ಕೀಲಿ ತಿರುಗಿಸಿದರು. ಗಾಡಿ ಕೆಮ್ಮಿತು, ಕ್ಯಾಕರಿಸಿತು, ನಡುಗಿತು. ಕೂಸು ಅಳುವುದನ್ನು ಅರ್ಧಕ್ಕೇ ಬಿಟ್ಟು ಕಣ್ಣು ಮುಚ್ಚಿತು.

ಗುಡಿ ಮುಟ್ಟಿದಾಗ ಇವರು ಇಂಜಿನ್ ಬಂದ್ ಮಾಡಿದರು. ಕೂಸು ಬಾಯಿ ತೆರೆಯಿತು. ಶುರು ಮಾಡಿದರು. ಮುಚ್ಚಿತು. ಬಂದ್. ತೆರೆಯಿತು. ಕಾಲುವೆಯ ಗೇಟು ಪರೀಕ್ಷೆ ಮಾಡಿ ಬದುಕು ಕಳೆದವರು, ಇನ್ನೊಮ್ಮೆ ನೋಡುವವರಿದ್ದರು.

"ಅಂಕಲ್, ಕೈ ಮುಗಿತೀನಿ, ನಿಲ್ಲಿಸ್ಬೇಡಿ" ಎಂದ ಹುಡುಗ. "ಎಲ್ಲಿಗಾದ್ರೂ ಹೋಗ್ತಾ ಇರಿ. ಕಾತ್ರಜ ಘಾಟ್ ದಾಟಿ ಬೆಳಗಾವಿಗಾದ್ರೂ ಸರಿ."

"ಬೆಳಗಾವಿಗೆ ಯಾಕ? ಇಲ್ಲೇ ತಿರಗತೀನಿ. ಗುಡಿ ಸುತ್ತ ಓಣಿ ಅದ" ಎಂದು ನನ್ನನ್ನು ಇಳಿಸಿ ಹೊರಟರು.

ಒಳಗೆ ಅರ್ಚನೆ ನಡೆದಾಗ ಗರ್ಭಗುಡಿಯ ಹಿಂದಿನಿಂದ ಗುಡುಗುಡು ಸದ್ದು ಬಂದು ಹೋಯಿತು. ಮತ್ತೆ ಬಂತು. ಆಚಾರ್ಯರು ತುಳಸಿ ಹಿಡಿದ ಕೈ ನಿಲ್ಲಿಸಿ, "ಏನದು ತಾಯಿ?" ಎಂದರು.

"ನಮ್ಮವರ್ರೀ ಆಚಾರ್ಯರ. ಪ್ರದಕ್ಷಿಣಿ ಹಾಕಲಿಕ್ಕತ್ತಾರ."

"ಎಷ್ಟು ಹಾಕೂವ್ರಿದ್ದಾರ?"

"ಕೂಸು ಏಳೂತನಕಾ."

ಅವತ್ತು ನಾವು ತಿರುಗಿ ಬಂದಾಗ ಆ ಹುಡುಗಿ ಇನ್ನೂ ಮಲಗಿದ್ದಳು. ಹುಡುಗ ಕೀಲಿ ತೆಗೆದು ಹೆಜ್ಜೆ ಸಪ್ಪಳಿಲ್ಲದೆ ಒಳಗೆ ಹೋದ. ಮರುದಿನ ನಾವು ಇಳಿಯುವ ಮೊದಲೇ ಅವನು ಕೂಸಿನೊಂದಿಗೆ ಗಾಡಿಯ ಹತ್ತಿರ ನಿಂತಿದ್ದ. ಹೀಗೇ ದಿನಾ ನಡೆಯಿತು. ಇಂಜಿನ್ ಎಷ್ಟು ಕೆಮ್ಮಿದರೂ ಮೇಲಿನ ಕಿಟಕಿಯಲ್ಲಿ ಬೆಳಕು ಹತ್ತುತ್ತಿರಲಿಲ್ಲ; ಕೂಸು ಪಕ್ಕದಲ್ಲಿಲ್ಲ ಎಂದಾದ ಮೇಲೆ ಆ ತಾಯಿಗೆ ಯಾವ ಸದ್ದೂ ಕೇಳಿಸುತ್ತಿರಲಿಲ್ಲ. ಸಂಕ್ರಾಂತಿಯ ಹೊತ್ತಿಗೆ ಆಕೆಯ ಮುಖಕ್ಕೆ ಬಣ್ಣ ಬಂತು. ನನ್ನ ಪೂಜೆಯೂ ತಪ್ಪಲಿಲ್ಲ.

ಧನುರ್ಮಾಸದ ಕೊನೆಯ ದಿನ ನಾನು ಪ್ರಸಾದ ಹಿಡಿದು ಗುಡಿಯಿಂದ ಹೊರಗೆ ಬರುತ್ತೇನೆ, ಓಣಿಯಲ್ಲಿ ಗಲಾಟೆ. ಹಳೆಯ ವಾಡೆ ಮನೆಯೊಂದರ ಕಿಟಕಿ ಧಡಾರೆಂದು ತೆರೆದಿದೆ. ಕಿವಿಟೊಪ್ಪಿಗೆಯ ಗೃಹಸ್ಥರೊಬ್ಬರು ಅರ್ಧ ಮೈ ಹೊರಗೆ ಹಾಕಿ ಮರಾಠಿಯಲ್ಲಿ ಬೈಯುತ್ತಿದ್ದಾರೆ. ದಿನಾ ನಸುಕಿನಲ್ಲಿ ಇದೇನು ಗದ್ದಲ, ಒಂದೇ ಗಾಡಿ ಎಷ್ಟು ಸಲ ತಿರುಗುತ್ತದೆ, ಜನರಿಗೆ ನಿದ್ದೆ ಬೇಡವೇ, ನೆರೆಹೊರೆಯವರ ಪರಿವೆ ಇಲ್ಲವೇ!

ನಮ್ಮವರು ಗಾಡಿ ನಿಧಾನ ಮಾಡಿದರು. ಇಂಜಿನ್ ಬಂದ್ ಮಾಡಲಿಲ್ಲ. ಕಿಟಕಿಯ ಗಾಜು ಇಳಿಸಿ, ತಲೆ ಹೊರಗೆ ಹಾಕಿ, ತುಟಿಯ ಮೇಲೆ ಬೆರಳಿಟ್ಟು, ಆ ಗೃಹಸ್ಥರನ್ನೇ ಗದರಿದರು:

"ಶ್ಶ್! ಹಳೂ ಬೋಲಾ ಹೋ! ಬಾಳ ಝೋಪ್ಲಂಯ್!"

ಮೆಲ್ಲಗೆ ಮಾತಾಡಿ, ಮಗು ಮಲಗಿದೆ, ಎಂದು. ಆ ಮನುಷ್ಯ ಗಾಬರಿಯಾಗಿ "ಸಾರಿ, ಸಾರಿ" ಎಂದು ಪಿಸುಗುಟ್ಟಿ, ಸದ್ದಾಗದಂತೆ ಕಿಟಕಿ ಮುಚ್ಚಿಕೊಂಡರು. ನಮ್ಮ ಗಾಡಿ ಗುಡುಗುತ್ತ ಇನ್ನೊಂದು ಪ್ರದಕ್ಷಿಣೆಗೆ ಹೋಯಿತು.

ಇಷ್ಟು ಹೊತ್ತು ಕೂತು ಕೇಳಿದ ನಿಮ್ಮೆಲ್ಲರ ಮನೆಯಲ್ಲಿ ತೊಟ್ಟಿಲು ತೂಗಲಿ, ತೂಗುವ ತಾಯಿಗೆ ಕಣ್ಣ ತುಂಬ ನಿದ್ದೆ ಬರಲಿ, ಕೆಳಗಿನವರೂ ಮೇಲಿನವರೂ ನಿಮ್ಮನ್ನು ಸಹಿಸಿಕೊಳ್ಳಲಿ. ಪಾಂಡುರಂಗ ನಿಮ್ಮನ್ನು ಸದಾ ಚೆನ್ನಾಗಿಟ್ಟಿರಲಿ.