ಹಾಕಿದ್ರಾ, ಭಾವ?

ಆ ಬಾಟಲಿ ನೋಡಲು ಕೆಮ್ಮಿನ ಔಷಧಿಯ ಹಾಗಿತ್ತು. ಒಳಗೆ ಹಸಿರು ದ್ರವ, ಹೊರಗೆ ಬಂಗಾರದ ಬಣ್ಣದ ಚೀಟಿ, ಚೀಟಿಯ ಮೇಲೆ ಬಾಯಿ ತೆರೆದ ಹುಲಿ. ಬೆಳಗ್ಗೆ ಏಳು ಗಂಟೆಗೆ ಭಾವಮೈದುನ ಅದನ್ನು ತಂದು ಲೋಟದ ಪಕ್ಕದಲ್ಲಿ ಇಟ್ಟ ಗಳಿಗೆಯಿಂದಲೇ ಸಾಹುಕಾರನ ಗ್ರಹಚಾರ ಶುರುವಾಯಿತು.

ಸಾಹುಕಾರ ಎಂದರೆ ನಿಜವಾದ ಸಾಹುಕಾರನಲ್ಲ. ಅವನಿಗಿದ್ದದ್ದು ಒಂದೇ ಒಂದು ಹಳೇ ಲಾರಿ. ಅದರ ಮಾಲೀಕನೂ ಅವನೇ, ಡ್ರೈವರೂ ಅವನೇ, ಗಾಜು ಒರೆಸುವವನೂ ಅವನೇ. ಅದಕ್ಕೇ ಲಾರಿ ಸ್ಟ್ಯಾಂಡಿನವರು ಆ ಹೆಸರಿಟ್ಟಿದ್ದರು. ಆ ಲಾರಿಗೆ ಈ ದಿನ ಮಧ್ಯಾಹ್ನ ಮೂರು ಗಂಟೆಗೆ ಹೊಗೆ ಪರೀಕ್ಷೆ. ಪಾಸಾದರೆ ನಾಳೆಯಿಂದ ಆರು ತಿಂಗಳು ಟೈಲ್ಸ್ ಕಾರ್ಖಾನೆಯ ಲೋಡು ಅವನದು. ಫೇಲಾದರೆ ಲೋಡು ಬೇರೆಯವರಿಗೆ. ಲಾರಿಯೋ, ಬೆಳಗ್ಗೆ ಸ್ಟಾರ್ಟ್ ಮಾಡಿದರೆ ಎದುರುಮನೆಯವರು ಒಣಗಲು ಹಾಕಿದ ಬಟ್ಟೆ ಎತ್ತಿಕೊಂಡು ಓಡುವಷ್ಟು ಕರಿ ಹೊಗೆ ಉಗುಳುತ್ತಿತ್ತು.

"ಭಾವ, ಒಂದು ಟ್ಯಾಂಕಿಗೆ ಒಂದು ಬಾಟಲಿ. ಡೀಸೆಲ್ ಜೊತೆ ಒಳಗೆ ಹೋಗಿ ಇಂಜಿನ್ನನ್ನ ತೊಳೆದ ತಟ್ಟೆ ಥರ ಮಾಡುತ್ತೆ. ಹೊಗೆ ಅನ್ನೋದು ದುರ್ಬೀನು ಹಾಕಿ ಹುಡುಕಿದ್ರೂ ಸಿಗಲ್ಲ," ಎಂದ ಭಾವಮೈದುನ.

ಸಾಹುಕಾರ ಬಾಟಲಿಯನ್ನೇ ಗುರಾಯಿಸಿದ. ಇದೇ ಭಾವಮೈದುನ ಹಿಂದೆ ಸೊಂಟನೋವಿನ ಬೆಲ್ಟ್ ಮಾರುತ್ತಿದ್ದ. ಅದನ್ನು ಕಟ್ಟಿಕೊಂಡ ಮೇಲೆಯೇ ಸಾಹುಕಾರನಿಗೆ ಸೊಂಟನೋವು ಬಂದದ್ದು.

"ಯಾಕ್ರೀ ಹಾಗೆ ನೋಡ್ತೀರಾ? ನನ್ನ ತಮ್ಮ ಏನು ವಿಷ ಕೊಟ್ಟಿದ್ದಾನಾ?" ಎಂದಳು ಹೆಂಡತಿ ಒಳಗಿನಿಂದ. "ಹಾಕಿ ಅಂದ್ರೆ ಹಾಕಿ. ಸಂಜೆ ಖಾಲಿ ಬಾಟಲಿ ತಂದು ತೋರಿಸಿ."

ಬಾಟಲಿಯನ್ನು ಜೇಬಿಗೆ ಹಾಕಿಕೊಂಡು ಸಾಹುಕಾರ ಲಾರಿಯನ್ನು ಗ್ಯಾರೇಜಿಗೆ ಒಯ್ದ. ಅಲ್ಲಿ ಮೇಸ್ತ್ರಿ, ಇಪ್ಪತ್ತು ವರ್ಷದಿಂದ ಆ ಇಂಜಿನ್ನನ್ನು ಬಿಚ್ಚಿ ಜೋಡಿಸಿದವನು, ಜೇಬಿನಿಂದ ಇಣುಕುತ್ತಿದ್ದ ಹುಲಿಯನ್ನು ಕಂಡದ್ದೇ ಸ್ಪ್ಯಾನರ್ ಕೆಳಗಿಟ್ಟ.

"ಸಾಹುಕಾರ್ರೇ, ಏನದು?"

"ಅದು... ಡೀಸೆಲ್ಲಿಗೆ ಹಾಕೋದಂತೆ. ನಮ್ಮ ಭಾವಮೈದ ಕೊಟ್ಟ."

"ಅದನ್ನ ಟ್ಯಾಂಕಿಗೆ ಹಾಕೋದಾದ್ರೆ ನಾನು ಈ ಲಾರಿ ಮುಟ್ಟಲ್ಲ. ಇಂಜಿನ್ ಮಾಡಿದ ಕಂಪನಿಯವನಿಗೆ ಗೊತ್ತಿಲ್ಲದ್ದು ನಿಮ್ಮ ಭಾವಮೈದಂಗೆ ಗೊತ್ತಾ? ಟ್ಯಾಂಕ್ ತಳದಲ್ಲಿ ತಣ್ಣಗೆ ಮಲಗಿರೋ ಗಸಿಯನ್ನೆಲ್ಲ ಎಬ್ಬಿಸಿ ತಂದು ಫಿಲ್ಟರಿಗೆ ಮೆತ್ತುತ್ತೆ. ಇಂಜಿನ್ನಿಗೆ ಡೀಸೆಲ್ ಚಿಮ್ಮಿಸೋ ನಾಝಲ್ ಕ್ಲೀನ್ ಮಾಡಿ ಫಿಲ್ಟರ್ ಬದಲಾಯಿಸ್ತೀನಿ. ಹೊಗೆ ತಾನಾಗೇ ಹೋಗುತ್ತೆ."

ಪಕ್ಕದ ಪಂಕ್ಚರ್ ಅಂಗಡಿಯವನು ಕೇಳದಿದ್ದರೂ ಎದ್ದು ಬಂದ. "ಅರ್ಧ ಹಾಕಿ, ಅರ್ಧ ಬಿಡಿ. ಇಬ್ಬರಿಗೂ ಬೇಜಾರಾಗಲ್ಲ," ಎಂದು ತೀರ್ಪು ಕೊಟ್ಟು ಹೋದ.

ಅಷ್ಟರಲ್ಲಿ ಫೋನು. "ಹಾಕಿದ್ರಾ, ಭಾವ?"

"ಹಾಕ್ತಾ ಇದೀನಿ."

"ಏನು ಹಾಕ್ತಾ ಇದೀರಿ?" ಎಂದ ಮೇಸ್ತ್ರಿ ಲಾರಿಯ ಕೆಳಗಿನಿಂದ.

"ಏನಿಲ್ಲ, ಏನಿಲ್ಲ."

"ಏನಿಲ್ವಾ? ಇನ್ನೂ ಹಾಕೇ ಇಲ್ವಾ?" ಎಂದಿತು ಫೋನು.

ಅರ್ಧ ಗಂಟೆಗೊಮ್ಮೆ ಇದೇ ಕತೆ. ಒಂದು ಗಂಟೆಯ ಹೊತ್ತಿಗೆ ಸಾಹುಕಾರ ಫೋನಿಗೆ ಹೇಳಬೇಕಾದ್ದನ್ನು ಮೇಸ್ತ್ರಿಗೂ ಮೇಸ್ತ್ರಿಗೆ ಹೇಳಬೇಕಾದ್ದನ್ನು ಫೋನಿಗೂ ಹೇಳಿ, ಇಬ್ಬರಿಂದಲೂ ಬೈಸಿಕೊಂಡ. ತಲೆ ಚಿಟ್ಟು ಹಿಡಿದುಹೋಯಿತು. ಕೊನೆಗೆ ಒಂದು ಉಪಾಯ ಹೊಳೆಯಿತು: ಬಾಟಲಿ ಖಾಲಿಯಾಗಬೇಕು, ಆದರೆ ಟ್ಯಾಂಕಿಗೆ ಬೀಳಬಾರದು. ಗ್ಯಾರೇಜಿನ ಹಿಂದೆ ಗೋಡೆಯ ಪಕ್ಕ ಬಿಸಾಡುವ ಎಣ್ಣೆಯದೆಂದು ಕಾಣುವ ಒಂದು ಡಬ್ಬಿ ಇತ್ತು. ಸುತ್ತ ಯಾರೂ ಇಲ್ಲದ್ದನ್ನು ನೋಡಿ, ಹಸಿರು ನೀರನ್ನೆಲ್ಲ ಅದಕ್ಕೆ ಸುರಿದ. ಖಾಲಿ ಬಾಟಲಿಯ ಫೋಟೋ ತೆಗೆದು ಭಾವಮೈದುನನಿಗೆ ಕಳಿಸಿದ. ಬೆಳಗ್ಗೆಯಿಂದ ಮೊದಲ ಸಲ ನೆಟ್ಟಗೆ ಉಸಿರಾಡಿದ.

ಹತ್ತು ನಿಮಿಷ ಬಿಟ್ಟು ಬಂದು ನೋಡಿದರೆ, ಮೇಸ್ತ್ರಿ ಅದೇ ಡಬ್ಬಿ ಎತ್ತಿ ಹೊಸ ಫಿಲ್ಟರಿನೊಳಗೆ ಸುರಿಯುತ್ತಿದ್ದಾನೆ!

"ಅದು... ಅದೇನು ಮೇಸ್ತ್ರಿ?"

"ಡೀಸೆಲ್. ಫಿಲ್ಟರ್ ತುಂಬಿಸಿ ಕೂರಿಸದಿದ್ರೆ ಗಾಳಿ ಹಿಡಿದು ಇಂಜಿನ್ ಸ್ಟಾರ್ಟ್ ಆಗಲ್ಲ. ಬೆಳಗ್ಗೆ ನಿಮ್ಮ ಟ್ಯಾಂಕಿಂದ್ಲೇ ಇದಕ್ಕೆ ಅಂತ ಹಿಡಿದಿಟ್ಟಿದ್ದೆ."

ಹೇಳಿದರೆ ಮೇಸ್ತ್ರಿ ಅರ್ಧಕ್ಕೆ ಕೆಲಸ ಬಿಟ್ಟು ಏಳುತ್ತಾನೆ. ಗಂಟೆ ಆಗಲೇ ಒಂದೂವರೆ. ಸಾಹುಕಾರ ಒಂದು ಟೈರಿನ ಮೇಲೆ ಕುಳಿತುಬಿಟ್ಟ.

ಮೂರು ಗಂಟೆಗೆ ಪರೀಕ್ಷೆಯ ಮೈದಾನ. ಮೇಸ್ತ್ರಿ ತನ್ನ ಕೈಗುಣ ನೋಡಲು ಬಂದಿದ್ದ. ಭಾವಮೈದುನ ತನ್ನ ಹುಲಿಯ ಪ್ರತಾಪ ನೋಡಲು ಚೀಲ ಹೊತ್ತು ಬಂದಿದ್ದ. ಸಾಹುಕಾರನ ಲಾರಿಯ ಪಕ್ಕದಲ್ಲೇ ಇನ್ನೊಂದು ಲಾರಿ ಸಾಲಿನಲ್ಲಿ ನಿಂತಿತ್ತು. ಅದರ ಡ್ರೈವರ್ ಇಂಜಿನ್ ಚಾಲೂ ಇಟ್ಟೇ ಸ್ಟೇರಿಂಗಿನ ಮೇಲೆ ತಲೆಯಿಟ್ಟು ಗೊರಕೆ ಹೊಡೆಯುತ್ತಿದ್ದ. ಪರೀಕ್ಷೆ ಮಾಡುವ ಸಾಹೇಬರು ಎರಡೂ ಲಾರಿಗಳ ಹೊಗೆ ಕೊಳವೆಗೆ ಒಂದಾದ ಮೇಲೊಂದರಂತೆ ನಳಿಕೆ ತೂರಿಸಿ, ಒಳಗೆ ಹೋಗಿ ಚೀಟಿ ತಂದರು.

"ಭಲೇ! ಈ ವಯಸ್ಸಿನ ಲಾರಿಗೆ ಇಷ್ಟು ಕಮ್ಮಿ ಹೊಗೆಯನ್ನ ನಾನು ನೋಡಿದ್ದೇ ಇಲ್ಲ," ಎಂದು ಚೀಟಿಯನ್ನು ಸಾಹುಕಾರನ ಕೈಗೆ ಕೊಟ್ಟರು. "ಏನು ಮಾಡಿಸಿದ್ರಿ?"

"ನಾಝಲ್!" ಎಂದ ಮೇಸ್ತ್ರಿ.

"ನಮ್ಮ ಬಾಟಲಿ!" ಎಂದ ಭಾವಮೈದುನ.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಆಮೇಲೆ ಇಬ್ಬರೂ ಸಾಹುಕಾರನನ್ನು ನೋಡಿದರು.

"ಹಾಕಿಲ್ಲ ಅಂದ್ರಲ್ಲ?"

"ಹಾಕ್ದೆ ಅಂದ್ರಲ್ಲ, ಭಾವ?"

ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. ಹೇಗೂ ಪಾಸಾಗಿದೆ, ಇನ್ನು ಮುಚ್ಚಿಡುವುದೇನು ಎಂದುಕೊಂಡ ಸಾಹುಕಾರ ಡಬ್ಬಿಯ ಕತೆಯನ್ನೆಲ್ಲ ಹೇಳಿಬಿಟ್ಟ. ಭಾವಮೈದುನ ಕುಣಿದೇಬಿಟ್ಟ. "ನೋಡಿದ್ರಾ! ಟ್ಯಾಂಕಿಗೆ ಹೋಗದೆ ಬರೀ ಫಿಲ್ಟರಿಗೆ ಹೋಗಿಯೇ ಇಷ್ಟು ಕೆಲಸ ಮಾಡಿದೆ!"

"ನಾಝಲ್ ಬಿಚ್ಚಿ ಬೆರಳು ಕುಯ್ಕೊಂಡವನು ನಾನು, ಹೆಸರು ನಿನ್ನ ಹುಲೀಗಾ?" ಎಂದು ಮೇಸ್ತ್ರಿ ಬ್ಯಾಂಡೇಜು ಸುತ್ತಿದ ಬೆರಳನ್ನು ಅವನ ಮೂಗಿನವರೆಗೆ ತಂದ.

ಜಗಳ ಇನ್ನೇನು ಕೈಕೈ ಮಿಲಾಯಿಸುವಷ್ಟಕ್ಕೆ ಬಂದಾಗ, ಒಳಗೆ ಹೋಗಿದ್ದ ಸಾಹೇಬರು ಕನ್ನಡಕ ಏರಿಸಿಕೊಳ್ಳುತ್ತಾ ಮತ್ತೆ ಹೊರಗೆ ಬಂದರು.

"ಒಂದು ನಿಮಿಷ. ಆ ಚೀಟಿ ಇಲ್ಲಿ ಕೊಡಿ. ನಂಬರ್ ಅದಲುಬದಲಾಗಿದೆ. ಅದು ಪಕ್ಕದ ಲಾರಿದು." ಇನ್ನೊಂದು ಚೀಟಿ ಸಾಹುಕಾರನ ಕೈಗೆ ಬಂತು. "ನಿಮ್ಮದು ಫೇಲು. ಭಾರೀ ಫೇಲು. ಹತ್ತು ದಿನ ಬಿಟ್ಟು ಬನ್ನಿ."

ಮೇಸ್ತ್ರಿ, ಭಾವಮೈದುನ ಇಬ್ಬರೂ ಒಟ್ಟಿಗೆ ಶುರು ಮಾಡಿದರು.

"ಅದಕ್ಕೇ ಹೇಳಿದ್ದು! ಆ ಹಸಿರು ನೀರು ಸೇರಿದ ಮೇಲೆ ನನ್ನ ನಾಝಲ್ ಏನು ಮಾಡುತ್ತೆ?" ಎಂದ ಮೇಸ್ತ್ರಿ.

"ಭಾವ, ನೀವೇ ಒಪ್ಕೊಂಡ್ರಲ್ಲ, ಟ್ಯಾಂಕಿಗೆ ಹಾಕೇ ಇಲ್ಲ ಅಂತ! ಫಿಲ್ಟರಿಗೆ ಹೋದ ನಾಲ್ಕು ಹನಿ ಏನು ಮಾಡುತ್ತೆ?" ಎಂದ ಭಾವಮೈದುನ. "ಅಕ್ಕಂಗೆ ನಾನು ಏನು ಹೇಳಲಿ?"

ಈ ಒಂದು ವಿಷಯದಲ್ಲಿ ಮಾತ್ರ ಇಬ್ಬರೂ ಒಂದಾದರು: ತಪ್ಪು ಸಾಹುಕಾರನದು.

ಗದ್ದಲಕ್ಕೆ ಎಚ್ಚರವಾಗಿ ಪಕ್ಕದ ಲಾರಿಯ ಡ್ರೈವರ್ ಕಣ್ಣುಜ್ಜಿಕೊಳ್ಳುತ್ತಾ ಇಳಿದು ಬಂದು ತನ್ನ ಚೀಟಿ ತೆಗೆದುಕೊಂಡ. ಅವನ ಲಾರಿಯೂ ಸಾಹುಕಾರನ ಲಾರಿಯಷ್ಟೇ ಮುದಿ. ಸಾಹುಕಾರ ತಡೆಯಲಾರದೆ ಕೇಳಿದ:

"ಅಣ್ಣಾ, ನಿಮ್ಮ ಲಾರಿಗೆ ಏನು ಹಾಕ್ತೀರಾ?"

ಆ ಡ್ರೈವರ್ ಇದೇನಾದರೂ ತಮಾಷೆಯೋ ಎಂದು ಮೂವರ ಮುಖವನ್ನೂ ನೋಡಿದ.

"ಡೀಸೆಲ್," ಎಂದ.

"ಬರೀ ಡೀಸೆಲ್ಲಾ?" ಭಾವಮೈದುನ ಆಗಲೇ ಅವನ ಬಲಗಡೆ ಸೇರಿಕೊಂಡು ಚೀಲಕ್ಕೆ ಕೈ ಹಾಕಿದ್ದ. "ಬರೀ ಡೀಸೆಲ್ಲಲ್ಲೇ ಹೀಗಿದ್ರೆ, ಇದನ್ನ ಹಾಕಿದ್ರೆ ಹೇಗಿರುತ್ತೆ ಯೋಚನೆ ಮಾಡಿ."

"ನಾಝಲ್ ಬಿಚ್ಚಿಸಿ ಎಷ್ಟು ವರ್ಷ ಆಯ್ತು?" ಎನ್ನುತ್ತಾ ಮೇಸ್ತ್ರಿ ಎಡಗಡೆಯಿಂದ ಬಂದ.

ಇಬ್ಬರ ನಡುವೆ ಸಿಕ್ಕಿಕೊಂಡ ಆ ಡ್ರೈವರಿನ ಮುಖದ ಮೇಲೆ, ನಿದ್ದೆಯ ಜಾಗದಲ್ಲಿ ಮೆಲ್ಲಗೆ ಒಂದು ಅನುಮಾನ ಮೂಡತೊಡಗಿತು. ಅವನು ಭಾವಮೈದುನ ಕೈಗಿಟ್ಟ ಬಾಟಲಿಯನ್ನು ಬಿಸಿಲಿಗೆ ಹಿಡಿದು ನೋಡಿದ.

ಹಾಕ್ಬೇಡ ಕಣಯ್ಯಾ ಎಂದು ಕೂಗಿ ಹೇಳಬೇಕೆಂದು ಸಾಹುಕಾರ ಎರಡು ಹೆಜ್ಜೆ ಮುಂದೆ ಬಂದ. ಆದರೆ ಅಲ್ಲೇ ನಿಂತುಬಿಟ್ಟ. ಬೆಳಗ್ಗೆಯಿಂದ ಇಷ್ಟೆಲ್ಲ ಪಾಡುಪಟ್ಟರೂ, ಲೋಡು ಕೈತಪ್ಪಿದರೂ, ಆ ಹಸಿರು ನೀರು ಕೆಲಸ ಮಾಡುತ್ತದೋ ಇಲ್ಲವೋ ಎಂಬುದು ಅವನಿಗೆ ಇನ್ನೂ ಗೊತ್ತಾಗಿರಲಿಲ್ಲ.