ತಗ್ಗು ಕಾರು ಮತ್ತು ಮಂಚಯ್ಯನವರ ಪೇಟ

ಸಂಖ್ಯೆ: ವಾಹನ/ಚಾವಣಿ/ತಲೆ/೪ ಇಂಚು/ಮಾರ್ಪಾಡು-೩

ಹಾಸನ ಜಿಲ್ಲಾ ಕೇಂದ್ರದಲ್ಲಿರುವ ಒಂದು ಇಲಾಖೆಯ ಕಚೇರಿ
(ಯಾವ ಇಲಾಖೆ ಎಂಬುದು ಸಿಬ್ಬಂದಿಗೆ ಗೊತ್ತಿರುವುದರಿಂದ ನಮೂದಿಸಿಲ್ಲ)

ಸುತ್ತೋಲೆ

ವಿಷಯ: ಗುತ್ತಿಗೆ ಕಾರಿನ ಚಾವಣಿಯನ್ನು ಅದರ ಮಾಲೀಕರು ನಾಲ್ಕು ಇಂಚು ತಗ್ಗಿಸಿರುವ ಬಗ್ಗೆ, ಹಾಗೂ ಸದರಿ ಕಾರಿನಲ್ಲಿ ದಲಾಯತ್ (ಜವಾನ) ಶ್ರೀ ಮಂಚಯ್ಯನವರನ್ನು ಪೇಟ ಸಮೇತ ಮನೆ ತಲುಪಿಸುವ ಬಗ್ಗೆ.

ಉಲ್ಲೇಖ:
೧) ಈ ಕಚೇರಿಯ ಮೊದಲನೇ ಸುತ್ತೋಲೆ (ಎಲ್ಲರೂ ತಲೆ ಬಗ್ಗಿಸುವ ಬಗ್ಗೆ).
೨) ಎರಡನೇ ಸುತ್ತೋಲೆ (ಮೊದಲನೆಯದರಂತೆ ಬಗ್ಗಿಸಿದವರು ಇಳಿದ ಮೇಲೆ ಮತ್ತೆ ಎತ್ತುವ ಬಗ್ಗೆ).
೩) ಶ್ರೀ ಮಂಚಯ್ಯನವರು ನಿನ್ನೆ ಊಟದ ಹೊತ್ತಿನಲ್ಲಿ ನೀಡಿದ ಮೌಖಿಕ ಹೇಳಿಕೆ.
೪) ಕೆಳಸಹಿದಾರರ ಹಣೆಯ ಬುಗುಟು (ಕಚೇರಿ ವೇಳೆಯಲ್ಲಿ ಖುದ್ದು ಪರಿಶೀಲಿಸಬಹುದು).

ಪೀಠಿಕೆ

ಈ ಕಚೇರಿಯ ಕೆಲಸಕ್ಕೆ ಗುತ್ತಿಗೆ ಮೇಲೆ ಓಡುತ್ತಿರುವ ಬಿಳಿ ಸೆಡಾನ್ ಕಾರಿನ ಮಾಲೀಕರೂ ಚಾಲಕರೂ ಆದ ನುಗ್ಗೇಹಳ್ಳಿಯ ಶ್ರೀ ಅನಿಲ್‌ಕುಮಾರ್ ಅವರು ರಜೆ ಮುಗಿಸಿ ಕೆಲಸಕ್ಕೆ ಮರಳಿದಾಗ, ಕಾರು ಮೊದಲಿಗಿಂತ ಗಿಡ್ಡವಾಗಿರುವುದು ಕಂಡುಬಂದಿರುತ್ತದೆ. ಮೊದಲು ಕಂಡುಕೊಂಡದ್ದು ಕೆಳಸಹಿದಾರರ ಹಣೆ. ಎಂದಿನ ಅಭ್ಯಾಸದಂತೆ ಫೋನಿನಲ್ಲಿ ಯಾರನ್ನೋ ಗದರುತ್ತಾ ಹತ್ತಲು ಹೋದ ಕೆಳಸಹಿದಾರರಿಗೆ ಹಗಲಲ್ಲೇ ನಕ್ಷತ್ರ ಕಂಡವು. ಗದರಿಸಿಕೊಳ್ಳುತ್ತಿದ್ದವರು ಆ ಕಡೆಯಿಂದ "ಏನಾಯ್ತು ಮೇಡಂ?" ಎಂದು ಕೇಳಿರುತ್ತಾರೆ.

ವಿಚಾರಿಸಲಾಗಿ ತಿಳಿದುಬಂದದ್ದೇನೆಂದರೆ, ಶ್ರೀ ಅನಿಲ್‌ಕುಮಾರ್ ಅವರು ಹಾಸನದ ಒಬ್ಬ ವೆಲ್ಡಿಂಗ್ ಕೆಲಸದವರ ಬಳಿ (ಹೆಸರು ಹೇಳಲು ನಿರಾಕರಿಸಿರುತ್ತಾರೆ) ಚಾವಣಿಯನ್ನು ಹೊತ್ತ ಕಂಬಗಳನ್ನೆಲ್ಲ ಕೊಯ್ಯಿಸಿ, ನಾಲ್ಕು ಇಂಚು ತೆಗೆಸಿ, ಮತ್ತೆ ಕೂರಿಸಿರುತ್ತಾರೆ. ಪಕ್ಕದ ಗಾಜುಗಳು ಕೊಯ್ದರೆ ಪುಡಿಯಾಗುತ್ತವೆಂದು ಅಲ್ಲಿಗೆ ಪ್ಲಾಸ್ಟಿಕ್ ಹಾಳೆ ಹಾಕಿಸಿರುತ್ತಾರೆ. ಕಾರು ಈಗ ಮುಖ ಊದಿಸಿಕೊಂಡು ಕಣ್ಣು ಕಿರಿದು ಮಾಡಿದಂತೆ ಕಾಣುತ್ತದೆ. ಷೋಕಿಗಾಗಿ ಹೀಗೆ ಮಾಡಿಸಿರಬಹುದೆಂದು ಕೆಳಸಹಿದಾರರು ಕೋಪದಿಂದ ನೋಟಿಸು ನೀಡಿದ್ದು, ಉತ್ತರವಾಗಿ ಚಾಲಕರು ಹೇಳಿದ್ದನ್ನು ಇದ್ದಂತೆಯೇ ದಾಖಲಿಸಲಾಗಿದೆ:

"ಷೋಕಿ ಅಲ್ಲ ಮೇಡಂ. ಕಾರು ತೆಂಗಿನ್ ಮರದ್ ಕೆಳ್ಗೆ ನಿಲ್ಸಿದ್ರೆ ಕಾಯ್ ಬೀಳ್ತದೆ, ಬಾನೆಟ್ ನೋಡಿ ಎಂಗಾಗದೆ. ಕೊಟ್ಗೆ ಖಾಲಿ ಐತೆ, ಒಳಿಕ್ ನಿಲ್ಸನ ಅಂದ್ರೆ ಬಾಗ್ಲು ತೊಲೆ ತಾಗ್ತದೆ. ತೊಲೆ ಎತ್ರುಸ್ತೀನಿ ಅಂದ್ರೆ ನಮ್ಮಜ್ಜಿ ಒಪ್ಪಕಿಲ್ಲ. ಅಬ್ಬ ಅಬ್ಬಕ್ಕೆ ಅರಿಸಿನ ಕುಂಕುಮ ಇಕ್ಕೋ ತೊಲೆ ಅದು. ಅದ್ಕೇ ಕಾರ್ನೇ ಕೊಯ್ಸ್‌ಬುಟ್ಟೆ."

ಸದರಿ ಅಜ್ಜಿ ಶ್ರೀಮತಿ ಚಿಕ್ಕಮ್ಮನವರನ್ನು (ಇದು ಅವರ ಹೆಸರು, ಸಂಬಂಧದಲ್ಲಿ ಅಜ್ಜಿಯೇ) ಫೋನಿನಲ್ಲಿ ಸಂಪರ್ಕಿಸಲಾಗಿ, ಅವರು, "ಆ ಬಾಗ್ಲಾಗೆ ಎತ್ತು ಬಗ್ಗವೆ, ಎಮ್ಮೆ ಬಗ್ಗವೆ, ಇವ್ರ ತಾತ ಬಗ್ಗವ್ರೆ. ಈ ಕಾರೇನ್ ಮಾರಾಜ್ನ ಮಗನಾ, ಬಗ್ದೆ ಓಗಕೆ? ಫೋನ್ ಮಡಗವ್ವ, ಆಲು ಉಕ್ತದೆ," ಎಂದು ತಿಳಿಸಿ ಕರೆಯನ್ನು ಮುಕ್ತಾಯಗೊಳಿಸಿರುತ್ತಾರೆ. ಹೀಗಾಗಿ ತೊಲೆಯ ವಿಷಯ ಮುಗಿದಿದೆ.

ಮೇಲ್ಕಂಡ ಹಿನ್ನೆಲೆಯಲ್ಲಿ ಸಮಸ್ತ ಸಿಬ್ಬಂದಿಗೆ ಈ ಕೆಳಗಿನಂತೆ ಸೂಚಿಸಲಾಗಿದೆ.

೧. ಸದರಿ ವಾಹನವನ್ನು ಇನ್ನು ಮುಂದೆ 'ತಗ್ಗು ಕಾರು' ಎಂದು ಕರೆಯತಕ್ಕದ್ದು. ಗೇಟಿನ ಬಳಿ ಕೆಲವರು ಅದನ್ನು 'ಆಮೆ' ಎನ್ನುತ್ತಿರುವುದು ಗಮನಕ್ಕೆ ಬಂದಿದ್ದು, ಒಳಗೆ ಕುಳಿತವರ ಗೌರವಕ್ಕೆ ಕುಂದಾಗುವುದರಿಂದ ನಿಷೇಧಿಸಿದೆ.

೨. ತಗ್ಗು ಕಾರು ಕಾನೂನಿಗೆ ಸರಿಹೊಂದುವುದೇ ಎಂದು ಸಂಬಂಧಪಟ್ಟ ಪ್ರಾಧಿಕಾರವನ್ನು ಕೇಳಬೇಕಾಗಿದೆ. ಕೇಳಿದರೆ ಇಲ್ಲವೆಂದೇ ಉತ್ತರ ಬರುವುದರಿಂದ ಪತ್ರದ ಕರಡು ಪರಿಶೀಲನೆಯಲ್ಲಿದೆ.

೩. ಮೊದಲನೇ ಸುತ್ತೋಲೆಯ ಈ ಕೆಳಗಿನ ಅಂಶಗಳು ಜಾರಿಯಲ್ಲಿರುತ್ತವೆ:
(ಅ) ತುರುಬು ಕಟ್ಟುವವರು ಪ್ರಯಾಣದ ದಿನ ಜಡೆ ಹಾಕತಕ್ಕದ್ದು. ಕೆಳಸಹಿದಾರರು ಈಗಾಗಲೇ ಹಾಕುತ್ತಿದ್ದಾರೆ. ಈ ಬಗ್ಗೆ ಅಭಿಪ್ರಾಯ ಕೇಳಿಲ್ಲ.
(ಆ) ಚನ್ನರಾಯಪಟ್ಟಣದ ದಾರಿಯಲ್ಲಿ ಪ್ರತಿ ರಸ್ತೆಯುಬ್ಬಿಗೂ ಚಾಲಕರು "ತಲೆ!" ಎಂದು ಕೂಗತಕ್ಕದ್ದು. ಉಬ್ಬು ದಾಟಿದ ಮೇಲೆ ಕೂಗಿದರೆ ಗೈರುಹಾಜರಿ ಎಂದು ಪರಿಗಣಿಸಲಾಗುವುದು.
(ಇ) ಕಾರಿನೊಳಗೆ ಆಶ್ಚರ್ಯಪಡುವಂತಿಲ್ಲ. ಆಶ್ಚರ್ಯಪಟ್ಟವರು ಹುಬ್ಬಿನ ಜೊತೆ ತಲೆಯನ್ನೂ ಎತ್ತುತ್ತಾರೆಂಬುದು ಅನುಭವದಿಂದ ತಿಳಿದಿದೆ.

೪. ಅರಕಲಗೂಡಿನ ತಪಾಸಣೆಗೆ ತಗ್ಗು ಕಾರಿನಲ್ಲಿ ಹೋದ ಕೆಳಸಹಿದಾರರ ಕತ್ತು ಎಡಕ್ಕೆ ವಾಲಿ ಅಲ್ಲಿಯೇ ಹಿಡಿದುಕೊಂಡಿತ್ತು. ಗ್ರಾಮಸ್ಥರು ಒಂದೊಂದೇ ಬೇಡಿಕೆ ಓದಿದಂತೆಲ್ಲ ಕೆಳಸಹಿದಾರರು ಕತ್ತು ಸರಿಪಡಿಸಿಕೊಳ್ಳಲು ಯತ್ನಿಸಿದ್ದನ್ನು ಒಪ್ಪಿಗೆ ಎಂದು ತಿಳಿದು ಚಪ್ಪಾಳೆ ತಟ್ಟಿರುತ್ತಾರೆ. ಸದರಿ ಒಪ್ಪಿಗೆಗಳನ್ನು ಹಿಂಪಡೆಯಲು ಈವರೆಗೆ ಧೈರ್ಯವಾಗಿಲ್ಲ.

೫. ಈಗ ಮುಖ್ಯ ವಿಷಯ. ಹೊಳೆನರಸೀಪುರದ ಶ್ರೀ ಮಂಚಯ್ಯ, ದಲಾಯತ್, ಇವರು ನಾಳೆ ಸೇವೆಯಿಂದ ನಿವೃತ್ತರಾಗುತ್ತಿದ್ದಾರೆ. ನಿವೃತ್ತರಾದವರಿಗೆ ಶಾಲು ಹೊದೆಸಿ, ಮೈಸೂರು ಪೇಟ ತೊಡಿಸಿ, ಹಾರ ಹಾಕಿ, ಕಚೇರಿಯ ಬೋರ್ಡ್ ಇರುವ ಕಾರಿನಲ್ಲಿ ಕೂರಿಸಿ, ಮನೆಯ ಬಾಗಿಲವರೆಗೆ ಬಿಟ್ಟು ಬರುವುದು ಈ ಕಚೇರಿಯ ಪದ್ಧತಿ. ಯಾವ ನಿಯಮದಲ್ಲೂ ಇದು ಇಲ್ಲ; ಆದ್ದರಿಂದಲೇ ಇದುವರೆಗೆ ಒಮ್ಮೆಯೂ ತಪ್ಪಿಲ್ಲ. ಶ್ರೀ ಮಂಚಯ್ಯನವರು ಈ ಕಚೇರಿಯಲ್ಲೇ ಎಲ್ಲರಿಗಿಂತ ಎತ್ತರದ ಆಳು. ಪ್ರಥಮ ದರ್ಜೆ ಸಹಾಯಕ ಶ್ರೀ ತಿಮ್ಮಪ್ಪನವರು ಟೇಪು ಹಿಡಿದು ಪರಿಶೀಲಿಸಿದ್ದು, ತಗ್ಗು ಕಾರಿನಲ್ಲಿ ಒಂದೋ ಮಂಚಯ್ಯನವರು ಹೋಗಬಹುದು, ಇಲ್ಲವೇ ಪೇಟ ಹೋಗಬಹುದು ಎಂದು ಲಿಖಿತ ವರದಿ ಸಲ್ಲಿಸಿರುತ್ತಾರೆ.

೬. ಈ ಸಂಬಂಧ ಶ್ರೀ ಮಂಚಯ್ಯನವರ ಮುಂದೆ ಇಟ್ಟ ಪರ್ಯಾಯಗಳು ಮತ್ತು ಅವರ ಉತ್ತರಗಳು:
(ಅ) ಪೇಟವನ್ನು ತೊಡೆಯ ಮೇಲಿಟ್ಟುಕೊಳ್ಳುವುದು. ಉತ್ತರ: "ಮದ್ವೆಗೋಗಿ ತೆಂಗಿನ್ಕಾಯ್ ಚೀಲ ಇಸ್ಕಂಡ್ ಬಂದಂಗಿರ್ತದೆ."
(ಆ) ಸೀಟು ಕಳಚಿ ಕಾರಿನ ನೆಲದ ಮೇಲೆ ಚಾಪೆ ಹಾಸುವುದು. ಉತ್ತರ: ತಂದಿಟ್ಟಿದ್ದ ಚಾಪೆಯನ್ನು ಸುತ್ತಿ ಮತ್ತೆ ಮೂಲೆಗಿಟ್ಟರು.
(ಇ) ಬೇರೆ ಕಾರು ತರಿಸುವುದು. ಉತ್ತರ: "ಆಪೀಸ್ ಬೋರ್ಡ್ ಇಲ್ದಿದ್ ಕಾರಾದ್ರೆ ಬ್ಯಾಡಿ ಮೇಡಮ್ಮೋರೆ, ನಾನು ಬಸ್ಸಲ್ಲೇ ಓಯ್ತೀನಿ. ಕಂಡಕ್ಟ್ರು ಪರಿಚಯದೋರೇ." (ಬೋರ್ಡನ್ನು ಬೇರೆ ಕಾರಿಗೆ ವರ್ಗಾಯಿಸಲು ಟೆಂಡರ್ ಕರೆಯಬೇಕು. ನಿವೃತ್ತಿ ನಾಳೆ.)
(ಈ) ಸ್ವಲ್ಪ ತಲೆ ಬಗ್ಗಿಸಿ ಕೂರುವುದು, ಹೊಳೆನರಸೀಪುರವೇನು ದೂರವಲ್ಲ.

೭. ಮೇಲಿನ (ಈ) ಪರ್ಯಾಯಕ್ಕೆ ಶ್ರೀ ಮಂಚಯ್ಯನವರು ನೀಡಿದ, ಉಲ್ಲೇಖ (೩)ರ ಹೇಳಿಕೆ ಹೀಗಿದೆ:

"ಮೇಡಮ್ಮೋರೆ, ನೀವು ಏನೂ ತಪ್ಪು ತಿಳ್ಕಬ್ಯಾಡಿ. ಈ ಆಪೀಸ್ಗೆ ಎಷ್ಟೋ ಸಾಯೇಬ್ರು ಬಂದ್ರು, ಓದ್ರು. ಎಲ್ರಿಗೂ ನಾನೇ ಕಾರ್ ಬಾಗ್ಲು ತೆಗ್ದಿವ್ನಿ. ತೆಗ್ದಾಗ್ಲೆಲ್ಲ ಬಗ್ಗಿವ್ನಿ. ಅದು ಕೆಲ್ಸ, ನಂಗದ್ರಲ್ಲಿ ಬೇಜಾರಿಲ್ಲ. ಆದ್ರೆ ಒಳಿಕ್ಕೆ ಕೂತ್ಕಂಡು ಓಗದು ಒಂದೇ ದಿನ. ನಮ್ ಪಾರ್ವತಿ ಆರತಿ ತಟ್ಟೆ ಇಟ್ಕಂಡು ನಿಂತಿರ್ತಾಳೆ, ಬೀದಿಯೋರೆಲ್ಲ ನೋಡ್ತಿರ್ತಾರೆ. ಆವತ್ತೂ ಬಗ್ಗಿಸ್ಕಂಡೇ ಬಾ ಅಂದ್ರೆ ಎಂಗೆ?"

೮. ಈ ಹೇಳಿಕೆಯ ಮೇಲೆ ಟಿಪ್ಪಣಿ ಬರೆಯಲು ಕೆಳಸಹಿದಾರರು ಪೆನ್ನು ಹಿಡಿದರು. ತಾವು ಈ ಕಚೇರಿಗೆ ಬಂದಂದಿನಿಂದ ಒಂದು ದಿನವಾದರೂ ಕಾರಿನ ಬಾಗಿಲನ್ನು ತಾವೇ ತೆಗೆದದ್ದುಂಟೆ ಎಂದು ನೆನಪು ಮಾಡಿಕೊಂಡರು. ನೆನಪಾಗಲಿಲ್ಲ. ಹಿಡಿ ಎಳೆಯಬೇಕೋ ಒತ್ತಬೇಕೋ ಎಂಬುದೂ ಅವರಿಗೆ ಗೊತ್ತಿರಲಿಲ್ಲ. ನಾಚಿಕೆಯಾಯಿತು. ಇದನ್ನು ನಮೂದಿಸಲು ಕಡತದಲ್ಲಿ ಕಲಂ ಇಲ್ಲದ ಕಾರಣ ಸುತ್ತೋಲೆಯಲ್ಲಿ ಬರೆಯಲಾಗಿದೆ.

೯. ಆದ್ದರಿಂದ, ಮೊದಲನೇ ಸುತ್ತೋಲೆಯು ಶ್ರೀ ಮಂಚಯ್ಯನವರಿಗೆ ಅನ್ವಯಿಸುವುದಿಲ್ಲ ಎಂದು ಸ್ಪಷ್ಟಪಡಿಸಲಾಗಿದೆ. ತಗ್ಗು ಕಾರಿನ ಹಿಂದಿನ ಸೀಟಿನ ಎಡಭಾಗದಲ್ಲಿ, ಅಂದರೆ ಕೆಳಸಹಿದಾರರು ಕೂರುವ ಜಾಗದ ನೇರಕ್ಕೆ, ಪೇಟ ಧಾರಾಳವಾಗಿ ಹೊರಬರುವಷ್ಟು ಅಗಲಕ್ಕೆ ಚಾವಣಿಯನ್ನು ಕೊಯ್ಯಲು ಮಂಜೂರಾತಿ ನೀಡಲಾಗಿದೆ. ಕೊಯ್ದ ತಗಡಿಗೆ ತಿರುಗಣಿ ಹಾಕಿಸಿ ಮುಚ್ಚಳದಂತೆ ಉಳಿಸಿಕೊಳ್ಳತಕ್ಕದ್ದು. ಈ ಆದೇಶ ತಿಳಿದ ಚಾಲಕರು, "ಮೊದ್ಲೇ ಯೋಳಿದ್ರೆ ಆವತ್ತೇ ಒಂದ್ ತೂತ ಬುಡಿಸ್ತಿದ್ದೆನಲ್ಲ ಮೇಡಂ," ಎಂದು ಹೇಳಿ ಆಗಲೇ ವೆಲ್ಡಿಂಗ್ ಕಡೆಗೆ ಹೊರಟಿರುತ್ತಾರೆ. ಕಾನೂನಿನ ಪ್ರಶ್ನೆಗೆ ಕಂಡಿಕೆ ೨ ನೋಡುವುದು. ಕರಡು ಈಗ ಇನ್ನೂ ಉದ್ದವಾಗಿದೆ.

೧೦. ಪ್ರಯಾಣದ ಕ್ರಮ:
(ಅ) ಕಾರು ಎತ್ತಿನಗಾಡಿಯ ವೇಗಕ್ಕಿಂತ ಕೊಂಚ ಹೆಚ್ಚು, ಬಸ್ಸಿಗಿಂತ ಬಹಳ ಕಡಿಮೆ ವೇಗದಲ್ಲಿ ಚಲಿಸತಕ್ಕದ್ದು. ಪೇಟ ಹಾರಿದಲ್ಲಿ ಚಾಲಕರೇ ಹೊಣೆ.
(ಆ) ದಾರಿಗೆ ಅಡ್ಡಲಾಗಿ ಕೇಬಲ್ ತಂತಿ, ಶುಭಾಶಯದ ಬ್ಯಾನರ್ ಇತ್ಯಾದಿ ಜೋತುಬಿದ್ದಿದ್ದಲ್ಲಿ ಕಾರು ನಿಲ್ಲತಕ್ಕದ್ದು. ಶ್ರೀ ತಿಮ್ಮಪ್ಪನವರು ಇಳಿದು ಕೋಲಿನಿಂದ ಎತ್ತಿ ಹಿಡಿಯತಕ್ಕದ್ದು. ಯಾವುದೇ ನಾಯಕರ ಬ್ಯಾನರ್ ಆಗಿದ್ದರೂ ಶ್ರೀ ಮಂಚಯ್ಯನವರು ಬಗ್ಗತಕ್ಕದ್ದಲ್ಲ.
(ಇ) ಮಳೆ ಬಂದಲ್ಲಿ ಕೊಡೆಯನ್ನು ಒಳಗಿನಿಂದ ಬಿಚ್ಚಿ ಹೊರಗೆ ತೂರಿಸಬೇಕೋ, ಹೊರಗೆ ಬಿಚ್ಚಿ ಒಳಗೆ ಹಿಡಿಯಬೇಕೋ ಎಂಬ ಬಗ್ಗೆ ಸಿಬ್ಬಂದಿಯಲ್ಲಿ ಎರಡು ಬಣಗಳಾಗಿವೆ. ಮಳೆ ಬಾರದಿರಲೆಂದು ಹಾರೈಸಲಾಗಿದೆ.
(ಈ) ಕೆಳಸಹಿದಾರರು ಮುಂದಿನ ಸೀಟಿನಲ್ಲಿ, ಕೊಯ್ಯದ ಚಾವಣಿಯ ಕೆಳಗೆ, ಮೊದಲನೇ ಸುತ್ತೋಲೆಯಂತೆ ತಲೆ ಬಗ್ಗಿಸಿ ಕೂರುವರು.

೧೧. ಶ್ರೀ ಮಂಚಯ್ಯನವರ ಪತ್ನಿ ಶ್ರೀಮತಿ ಪಾರ್ವತಮ್ಮನವರು ಕಾದಿರುವ ಮನೆಯ ಮುಂದೆ ಕಾರು ನಿಂತಾಗ ಯಾರೂ ಅವಸರಪಡತಕ್ಕದ್ದಲ್ಲ. ಶ್ರೀ ಮಂಚಯ್ಯನವರು ಅಭ್ಯಾಸಬಲದಿಂದ ತಾವೇ ಇಳಿದು ಬಾಗಿಲು ತೆಗೆಯಲು ಹೊರಡುವ ಸಂಭವವಿದ್ದು, ಅವರನ್ನು ತಡೆಯತಕ್ಕದ್ದು. ಹಿಂದಿನ ಬಾಗಿಲನ್ನು ಕೆಳಸಹಿದಾರರು ತೆಗೆಯುವರು. ಹಿಡಿ ಎಳೆಯಬೇಕೆಂದು ಶ್ರೀ ಅನಿಲ್‌ಕುಮಾರ್ ಅವರಿಂದ ತಿಳಿದುಕೊಂಡಿದ್ದು, ಇಂದು ಸಂಜೆ ಕಾರು ವೆಲ್ಡಿಂಗ್ ಮುಗಿಸಿ ಮರಳಿದ ಮೇಲೆ ಗೇಟಿನ ಬಳಿ ಅಭ್ಯಾಸ ಮಾಡುವರು. ತೆಗೆಯುವಾಗ ಬಗ್ಗುವರು.

ಬರೆದದ್ದರಲ್ಲಿ ಕಾಗುಣಿತದ ಹೊರತು ಬೇರೇನನ್ನೂ ಬೆರಳಚ್ಚುಗಾರರು ತಿದ್ದುವಂತಿಲ್ಲ.

ಸಹಿ/-
(ಪ್ರೇಮಕುಮಾರಿ)
ಸಹಾಯಕ ನಿರ್ದೇಶಕರು
(ಬುಗುಟು ಇಳಿಯುತ್ತಿದೆ)

ಪ್ರತಿಗಳು:
೧. ಶ್ರೀ ಅನಿಲ್‌ಕುಮಾರ್, ಚಾಲಕರು, ನುಗ್ಗೇಹಳ್ಳಿ. ಮುಂದೆ ಯಾವುದನ್ನೇ ಕೊಯ್ಯುವ ಮುನ್ನ ಕೇಳುವಂತೆ.
೨. ಶ್ರೀಮತಿ ಚಿಕ್ಕಮ್ಮ, ನುಗ್ಗೇಹಳ್ಳಿ. ತೊಲೆಯ ಎತ್ತರದಲ್ಲಿ ಬದಲಾವಣೆ ಇಲ್ಲವೆಂದು ತಿಳಿಸುತ್ತಾ. ಹಾಲು ಉಕ್ಕದ ಹೊತ್ತಿನಲ್ಲಿ ಓದಿ ಹೇಳುವುದು.
೩. ಶ್ರೀ ತಿಮ್ಮಪ್ಪ, ಪ್ರಥಮ ದರ್ಜೆ ಸಹಾಯಕರು. ಕೋಲಿನ ವ್ಯವಸ್ಥೆಗಾಗಿ.
೪. ಅರಕಲಗೂಡಿನ ಗ್ರಾಮಸ್ಥರು. ಒಪ್ಪಿಗೆಗಳು ಹಾಗೆಯೇ ಇರಲಿ.
೫. ಶ್ರೀಮತಿ ಪಾರ್ವತಮ್ಮ, ಹೊಳೆನರಸೀಪುರ. ಆರತಿ ತಟ್ಟೆಯನ್ನು ಕೊಂಚ ಎತ್ತರಕ್ಕೆ ಹಿಡಿಯಬೇಕಾಗಬಹುದು ಎಂಬ ಮುನ್ಸೂಚನೆಯೊಂದಿಗೆ.
೬. ಶ್ರೀ ಮಂಚಯ್ಯ, ದಲಾಯತ್. ಈ ಕಚೇರಿಯ ಸುತ್ತೋಲೆಗಳನ್ನು ಮೇಜಿನಿಂದ ಮೇಜಿಗೆ ಒಯ್ದು ಎಲ್ಲರ ಸಹಿ ಪಡೆಯುತ್ತಿದ್ದವರು ಇವರೇ ಆಗಿದ್ದು, ಇದನ್ನು ಮಾತ್ರ ಕೆಳಸಹಿದಾರರೇ ಒಯ್ದು ಅವರು ಕುಳಿತಲ್ಲಿಗೆ ಕೊಡುವರು. ಬೆಲ್ ಒತ್ತಿ ಅವರನ್ನು ಕರೆಯತಕ್ಕದ್ದಲ್ಲ.