ಕಾಳ್ಯಾನ ಅನ್ನನಾಳದಲ್ಲಿ ಠಿಕಾಣಿ ಹೂಡಿರುವ ಎಲುಬಿನವರಿಗೆ

ಮಾನ್ಯ ಎಲುಬಿನ ಚೂರಿನವರೇ,

ಮಸ್ಕಿಯ ನಿವಾಸಿಯೂ, ಲಿಂಗಸುಗೂರು ಬಸ್ ನಿಲ್ದಾಣದಲ್ಲಿ ಇಪ್ಪತ್ತೆಂಟು ವರ್ಷ ಬಸ್ಸುಗಳನ್ನು ಅವುಗಳ ದಾರಿಗೆ ಹಚ್ಚಿ ನಿವೃತ್ತನಾದ ಕಂಟ್ರೋಲರನೂ ಆದ ನರಸಣ್ಣನೆಂಬ ನಾನು, ತಾವು ನಮ್ಮ ನಾಯಿ ಕಾಳ್ಯಾನ ಎದೆಯೊಳಗೆ ಕ್ಷೇಮವಾಗಿರುವುದನ್ನು ಸಿಂಧನೂರಿನ ಎಕ್ಸ್-ರೇಯಲ್ಲಿ ಕಣ್ಣಾರೆ ಕಂಡು, ಕೈಮುಗಿದು ಬರೆದುಕೊಳ್ಳುವುದೇನೆಂದರೆ, ಹೇಳದೆ ಕೇಳದೆ ಬಂದು ಮೂರು ವಾರ ಉಳಿದ ಬೀಗರನ್ನು ನಾನು ಕಂಡಿದ್ದೇನೆ. ಮನೆಯ ಗೋಡೆಗೇ ತೂತು ಕೊರೆದ ಬೀಗರು ಮಾತ್ರ ತಾವೇ ಮೊದಲಿಗರು.

ತಾವು ಬಂದದ್ದು ಮರ್ಯಾದೆಯಿಂದಲೇ. ನೆರೆಮನೆಯ ಹಾಜಿಸಾಬರು ದರ್ಗಾದಲ್ಲಿ ಕಂದೂರಿ ಮಾಡಿ, ಹರಕೆಯ ಕುರಿಯ ಊಟವನ್ನು ಓಣಿಗೆಲ್ಲ ಬಡಿಸಿ, ನಾವು ಏಳುವಾಗ "ಕಾಳ್ಯಾನ ಪಾಲೂ ಒಯ್ರಿ ನರಸಣ್ಣ, ಅವನೂ ನಮ್ಮ ಓಣಿಯಾಂವನ ಅದಾನ" ಎಂದು ಎಲುಬುಗಳನ್ನು ಎಲೆಯಲ್ಲಿ ಕಟ್ಟಿಕೊಟ್ಟರು. ತಮ್ಮ ಬಂಧುಬಳಗದವರೆಲ್ಲ ಸುಮ್ಮನೆ ಹೊಟ್ಟೆ ಸೇರಿದರು. ತಾವೊಬ್ಬರೇ ನಡುದಾರಿಯಲ್ಲಿ ಅಡ್ಡ ನಿಂತಿರಿ.

ತಮ್ಮ ದಕ್ಷತೆಯನ್ನು ಹೊಗಳದಿರಲಾರೆ. ನಮ್ಮ ಓಣಿಯಿಂದ ದೊಡ್ಡ ರಸ್ತೆಗೆ ಒಂದು ಅಡ್ಡದಾರಿ ಬೇಕೆಂದು ನಾವು ಒಂಬತ್ತು ವರ್ಷದಿಂದ ಅರ್ಜಿ ಕೊಡುತ್ತಿದ್ದೇವೆ. ತಾವಾದರೋ ಅರ್ಜಿಯಿಲ್ಲ, ಸರ್ವೆಯಿಲ್ಲ, ಮೂರೇ ವಾರದಲ್ಲಿ ಅನ್ನನಾಳದಿಂದ ಶ್ವಾಸನಾಳಕ್ಕೆ ದಾರಿ ಮಾಡಿ ಮುಗಿಸಿದಿರಿ. ಅನ್ನಕ್ಕೆ ಒಂದು ದಾರಿ, ಗಾಳಿಗೆ ಒಂದು ದಾರಿ ಎಂಬುದು ನಾಯಿಗೂ ಬೆಕ್ಕಿಗೂ ಮನುಷ್ಯನಿಗೂ ಒಂದೇ ಕಾನೂನು. ಈಗ ಕಾಳ್ಯಾ ಕುಡಿದ ನೀರು ಪುಪ್ಪಸಕ್ಕೆ ಇಳಿಯುತ್ತದೆ, ಕೆಮ್ಮಿ ಕೆಮ್ಮಿ ನೆಲಕ್ಕೆ ಬೀಳುತ್ತಾನೆ, ಬಾಯಾರಿ ಮತ್ತೆ ಬೋಗುಣಿಯ ಹತ್ತಿರವೇ ಬರುತ್ತಾನೆ. ಆಗ ಬೋಗುಣಿಯನ್ನು ಅವನ ಮುಂದಿನಿಂದ ಎತ್ತಿಡುವವನು ನಾನು. ಅಯ್ಯೋ, ಆ ಕೆಲಸ ವೈರಿಗೂ ಬೇಡ!

ಬಂದ ದಿನ ತಮ್ಮನ್ನು ನಾವು ಉಪಚರಿಸಲಿಲ್ಲವೆಂದು ತಾವು ದೂರುವಂತಿಲ್ಲ. ಗಂಟಲಲ್ಲಿ ಮುಳ್ಳು ಸಿಕ್ಕರೆ ರೊಟ್ಟಿಯ ತುತ್ತನ್ನು ಅಗಿಯದೆ ನುಂಗಿಸುವುದು ನಮ್ಮ ಮನೆಯಲ್ಲಿ ಅಜ್ಜನ ಕಾಲದ ವೈದ್ಯ. ಅದರಂತೆ, ಜೊಲ್ಲು ಸುರಿಸುತ್ತ ಕತ್ತು ಚಾಚುತ್ತಿದ್ದ ಕಾಳ್ಯಾನ ಬಾಯಿಗೆ ಗಟ್ಟಿ ಜೋಳದ ರೊಟ್ಟಿಯ ಐದು ಉಂಡೆ ತುರುಕಿ ತಮ್ಮನ್ನು ಮುಂದಕ್ಕೆ ಸಾಗಹಾಕಿದೆ. ಕೊಟ್ಟವನು ನಾನೆಂದು ಅವನು ಐದನ್ನೂ ನುಂಗಿದ. ಸಂಜೆಯ ಹೊತ್ತಿಗೆ ತುಸು ಸಮಾಧಾನವಾದಂತೆ ಕಂಡಿತು. ನಾನು ಮೀಸೆ ತಿರುವಿದೆ.

ಮೂರು ವಾರದ ಮೇಲೆ, ಕೆಮ್ಮು ನಿಲ್ಲದಾಗಿ ಒಯ್ದಾಗ, ಸಿಂಧನೂರಿನ ಪಶುವೈದ್ಯೆ ಮಹಾಲಕ್ಷ್ಮಿಯವರು ಅವನಿಗೆ ಎಕ್ಸ್-ರೇಯಲ್ಲಿ ಬೆಳ್ಳಗೆ ಕಾಣುವ ಔಷಧ ಕುಡಿಸಿ ಚಿತ್ರ ತೆಗೆದು, "ನೋಡ್ರಿ, ಬಾಯಿಂದ ಹೋದ ಔಷಧ ಪುಪ್ಪಸದಾಗ ಕಾಣಾಕತ್ತೈತಿ. ಎಲುಬು ಸಿಕ್ಕ ಮ್ಯಾಲೆ ಏನರ ತುರುಕೀರೇನ್ರೀ?" ಎಂದು ಕೇಳಿದರು. ನಾನು "ಇಲ್ರೀ" ಎಂದೆ. ಹೀಗೆ ಇಡೀ ಅಪರಾಧ ತಮ್ಮೊಬ್ಬರ ತಲೆಗೆ ಬಂದಿದೆ, ಅದಕ್ಕೆ ತಾವು ಹೆಮ್ಮೆಪಡಬಹುದು.

ನಾಳೆ ಮುಂಜಾನೆ ಎದೆ ಸೀಳಿ, ತಮ್ಮನ್ನು ತೆಗೆದು, ತೂತನ್ನು ಹೊಲಿಯುತ್ತಾರೆ. "ಉಳೀತಾನ ಅಂತ ಮಾತು ಕೊಡಾಂಗಿಲ್ರೀ" ಎಂದಿದ್ದಾರೆ ವೈದ್ಯರು. ಆದಕಾರಣ ತಾವು ದಯಮಾಡಿ ಈ ಹೊತ್ತೇ ಬಂದ ದಾರಿಯಲ್ಲಿ ಹಿಂದಿರುಗಿ, ಹಾಜಿಸಾಬರ ಕುರಿಯನ್ನು ಹುಡುಕಿ, ಅದರ ಬೆನ್ನಿನಲ್ಲಿ ಮೊದಲಿನಂತೆ ಕೂಡಬೇಕೆಂದು ಪ್ರಾರ್ಥನೆ. ಅದಾಗದಿದ್ದರೆ ನಾಳೆ ತಾವೊಬ್ಬರೇ ಹೊರಡಿ. ಕಾಳ್ಯಾನನ್ನು ಜೊತೆಗೆ ಕರೆದೊಯ್ಯಬೇಡಿ.

ತಾವು ಹೊರಬರುವವರೆಗೆ ಮಾತ್ರ,
ತಮ್ಮ ವಿಶ್ವಾಸಿ,
ನರಸಣ್ಣ

ತಾ.ಕ.: ಇದನ್ನು ಓದಿದ ನನ್ನ ಹೆಂಡತಿ ಜೋಗಮ್ಮ, "ಎಲುಬಿಗೆ ಇಷ್ಟುದ್ದ ಕಾಗದ ಬರದೀರಿ, ಡಾಕ್ಟರಮ್ಮಗ ಒಂದು ಖರೇ ಮಾತು ಹೇಳಾಕ ಬಾಯಿಲ್ಲೇನು ನಿಮಗ?" ಎಂದು ಫೋನನ್ನು ಕೈಗೆ ತುರುಕಿದಳು. ಐದು ಉಂಡೆಯ ವಿಷಯ ವೈದ್ಯರಿಗೆ ಹೇಳಿದ್ದೇನೆ. ಆದ್ದರಿಂದ ತಮ್ಮ ಮೇಲಿನ ದೂರಿನಲ್ಲಿ ಅರ್ಧವನ್ನು ಹಿಂದಕ್ಕೆ ಪಡೆದಿದ್ದೇನೆ. ಉಳಿದರ್ಧಕ್ಕೆ ಕ್ಷಮೆ ಬೇಕಿದ್ದರೆ ನನ್ನನ್ನು ಕೇಳಬೇಡಿ. ನಾವಿಬ್ಬರೂ ಕೇಳಬೇಕಾದವನು ನಾಳೆ ಕಣ್ಣು ಬಿಡಲಿ.